ಸೊಸೆಯನ್ನೇ ನೋಡುತ್ತಾ ಕೂತವರು

ಡೊಂಬಿವಿಲಿಯ ನಮ್ಮ ಸೋದರಮಾವನ ಹತ್ತಿರ ನೀಲಿ ರಟ್ಟಿನ ಒಂದು ಲೆಕ್ಕದ ಪುಸ್ತಕ ಇದೆ. ಕುಂದಾಪುರದಿಂದ ಬಂದು ಹಗಲು ಹೋಟೆಲು, ರಾತ್ರಿ ಶಾಲೆ, ಆಮೇಲೆ ಬ್ಯಾಂಕು. ಮುಂಬೈಯಲ್ಲಿ ನಮ್ಮವರ ಮಾಮೂಲಿ ಕಥೆ. ಪುಸ್ತಕದಲ್ಲಿ 2015ರ ಒಂದು ಸಾಲು: 'ರಾನ್‌ಬ್ಯಾಕ್ಸಿ 33 ಹೋಯ್ತು, ಸನ್ 26 ಬಂತು.' ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ '0.4?'. ರಾನ್‌ಬ್ಯಾಕ್ಸಿ ಅನ್ನುವ ಔಷಧಿ ಕಂಪನಿಯನ್ನು ಮುಂಬೈಯ ಸನ್ ಫಾರ್ಮಾ ಕೊಂಡು ತನ್ನೊಳಗೆ ಸೇರಿಸಿಕೊಂಡಾಗ, ಹತ್ತು ರಾನ್‌ಬ್ಯಾಕ್ಸಿ ಷೇರಿಗೆ ಎಂಟು ಸನ್ ಷೇರು ಅಂತ ವಿಲೀನದ ಲೆಕ್ಕ. ಉಳಿದ ಚೂರಿಗೆ ದುಡ್ಡು ಕೊಡುತ್ತಾರೆ ಅಂತ ನಾನೇ ಹೇಳಿದ್ದೆ. ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಅವರು ಅಳಿಸಿಲ್ಲ.

2014ರ ಏಪ್ರಿಲ್‌ನಲ್ಲಿ ಈ ಖರೀದಿಯ ಸುದ್ದಿ ಬಂದಾಗ ಎಲ್ಲರ ಕಣ್ಣೂ ರಾನ್‌ಬ್ಯಾಕ್ಸಿಯ ಕಾರ್ಖಾನೆಗಳ ಮೇಲೆ. ಪಾವಂಟಾ ಸಾಹಿಬ್ ಮತ್ತು ದೇವಾಸ್‌ನ ಔಷಧಿಗೆ ಅಮೆರಿಕ 2008ರಲ್ಲೇ ಬಾಗಿಲು ಹಾಕಿತ್ತು. ಆಮೇಲೆ ಮೊಹಾಲಿ, ಟೋನ್ಸಾ. 2013ರಲ್ಲಿ ಕಂಪನಿ ಅಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಲು ಒಪ್ಪಿತ್ತು. ಇಂಥದ್ದನ್ನು ಸನ್‌ನವರು ಯಾಕೆ ಕೊರಳಿಗೆ ಕಟ್ಟಿಕೊಂಡರು ಅಂತ ಲೋಕಲ್ ಟ್ರೇನಿನಲ್ಲೂ ಚರ್ಚೆ.

ಆದರೆ ಏಟು ಬಿದ್ದದ್ದು ಬೇರೆ ಕಡೆಯಿಂದ. ಗುಜರಾತಿನ ಹಾಲೋಲ್, ಸನ್‌ನ ಸ್ವಂತ ಕಾರ್ಖಾನೆ. 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಕರ ತಪಾಸಣೆ, 2015ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಪತ್ರ. ಮನೆಗೆ ಬಂದ ಸೊಸೆ ಹೇಗಿದ್ದಾಳೆ ಅಂತ ಊರೆಲ್ಲ ಇಣುಕುತ್ತಿದ್ದಾಗ, ಮಗನಿಗೆ ಜ್ವರ ಬಂದದ್ದು ಯಾರಿಗೂ ಕಾಣಲಿಲ್ಲ. 2015ರ ಏಪ್ರಿಲ್‌ನಲ್ಲಿ 1,100 ದಾಟಿದ್ದ ಷೇರು 2017ರಲ್ಲಿ 500ಕ್ಕಿಂತ ಕೆಳಗೆ ಬಂತು. ಅದಕ್ಕೆ ಹಾಲೋಲ್ ಒಂದೇ ಕಾರಣ ಅಲ್ಲ, ಅಮೆರಿಕದಲ್ಲಿ ಜೆನೆರಿಕ್ ಔಷಧಿಗಳ ಬೆಲೆಯೂ ಕುಸಿದಿತ್ತು.

ಹಾಗಾಗಿ ಖರೀದಿಯ ಮರುದಿನ ಷೇರು ಏರಿತಾ, ಇಳಿಯಿತಾ ಅಂತ ನೋಡುವುದನ್ನು ನಾನು ಬಿಟ್ಟಿದ್ದೇನೆ. ಎರಡು ಕಂಪನಿ ಸೇರಿದರೆ ಲಾಭ ಹೆಚ್ಚುತ್ತದೆ ಅನ್ನುವ 'ಸಿನರ್ಜಿ'ಯ ಮಾತು ಕೇಳಿದರೆ ನೆಂಟರು ಬಂದಾಗ ಸಾಂಬಾರಿಗೆ ನೀರು ಬೆರೆಸಿದ ಹಾಗೆ ಅನ್ನಿಸುತ್ತದೆ. ಕಂಪನಿಗಳಿಂದ ನನಗೆ ಬೇಕಾದದ್ದು ಎರಡೇ. ಕೊಂಡ ಕಂಪನಿಯ ಮಾರಾಟವನ್ನು ಎರಡು ಮೂರು ವರ್ಷವಾದರೂ ಬೇರೆಯಾಗಿ ತೋರಿಸಿ, ಒಂದೇ ಪಾತ್ರೆಗೆ ಸುರಿಯಬೇಡಿ. ಮತ್ತೆ ತಪಾಸಣೆಯವರು ಫಾರ್ಮ್ 483ರಲ್ಲಿ, ಅಂದರೆ ಅವರ ಆಕ್ಷೇಪಣೆಗಳ ಪಟ್ಟಿಯಲ್ಲಿ, ಏನು ಬರೆದು ಹೋದರು ಅನ್ನುವುದನ್ನು ಮೊದಲು ನೀವೇ ಹೇಳಿ. 'ಐದು ಆಕ್ಷೇಪಣೆ ಬಂದಿವೆ, ಉತ್ತರ ಕೊಡುತ್ತೇವೆ' ಅನ್ನುವ ಒಂದೇ ಸಾಲು ಸಾಲದು. ಆಕ್ಷೇಪಣೆ ದಾಖಲೆಯ ಮೇಲೋ, ಔಷಧಿ ತುಂಬುವ ಕೋಣೆಯ ಶುಚಿಯ ಮೇಲೋ? ಎರಡಕ್ಕೂ ಅಜಗಜಾಂತರ.

2025ರಲ್ಲಿ ಒಂದು ಭಾನುವಾರ ಪತ್ರೊಡೆ ತಿನ್ನುವಾಗ ಮಾವ ಮುಂಬೈಯದ್ದೇ ಇನ್ನೊಂದು ಕಂಪನಿ, ಜೆ.ಬಿ. ಕೆಮಿಕಲ್ಸ್ ಸುದ್ದಿ ತೆಗೆದರು. ಆ ವರ್ಷದ ಜೂನ್‌ನಲ್ಲಿ ಟೊರೆಂಟ್ ಫಾರ್ಮಾ, ಅದರಲ್ಲಿ ದೊಡ್ಡ ಪಾಲು ಇದ್ದ ಕೆಕೆಆರ್ ಅನ್ನುವ ಹೂಡಿಕೆ ಸಂಸ್ಥೆಯ ಪಾಲನ್ನು ಷೇರಿಗೆ 1,600 ರೂಪಾಯಿಯಂತೆ ಕೊಳ್ಳಲು ಒಪ್ಪಿತು. ನಮ್ಮಂಥವರಿಗೆ ಓಪನ್ ಆಫರ್, ಅಂದರೆ ಸಣ್ಣವರ ಷೇರನ್ನೂ ಕೊಳ್ಳುವ ಕರೆ, 1,639 ರೂಪಾಯಿ ಚಿಲ್ಲರೆ. ಪೇಟೆಯಲ್ಲಿ ಆಗ 1,800ರ ಹತ್ತಿರ ಇತ್ತು.

"ಜಾಸ್ತಿ ಸಿಗುವಲ್ಲಿ ಬಿಟ್ಟು ಕಡಿಮೆಗೆ ಕೊಡುದಾ? ಇದೆಂತ ಲೆಕ್ಕ ಮಾರಾಯ?"

"ಕೊಡಲೇಬೇಕು ಅಂತ ಇಲ್ಲ ಮಾವ. ದೊಡ್ಡವರಿಗೆ ಸಿಕ್ಕಿದ್ದಕ್ಕಿಂತ ನಿಮಗೆ ಕಡಿಮೆ ಕೊಡಲಿಲ್ಲ, ಅಲ್ವಾ?"

ನನಗೆ ಅದೇ ದೊಡ್ಡ ವಿಷಯ. ಪ್ರೊಮೋಟರಿಗೆ, ಅಂದರೆ ಕಂಪನಿಯ ಹಿಡಿತ ಇರುವವರಿಗೆ, ಒಂದು ರೇಟು, ಸಣ್ಣವರಿಗೆ ಇನ್ನೊಂದು ಅಂತ ಆಗಿದ್ದರೆ ನಾನೂ ಬೈಯುತ್ತಿದ್ದೆ. ಮಾವನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ವಿಲೀನದ ಲೆಕ್ಕ ಕೇಳಿದರು. ನೂರು ಜೆ.ಬಿ. ಷೇರಿಗೆ 51 ಟೊರೆಂಟ್ ಅಂದೆ. ಅವರ ಹತ್ತಿರ ಇದ್ದದ್ದು 70. ಪೆನ್ಸಿಲ್ ಹುಡುಕಿ ಗುಣಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮತ್ತೆ ಈ 0.7 ಎಂತ ಮಾಡುದು?"