ನಮ್ಮೂರಿಗೊಂದು ಆಟದ ರೇಡಿಯೋ

1987ರ ಜುಲೈ 1ರಂದು ನ್ಯೂಯಾರ್ಕಿನ ಒಂದು ರೇಡಿಯೋ ಸ್ಟೇಷನ್ ಹಾಡು ನಿಲ್ಲಿಸಿಬಿಟ್ಟಿತು. ಡಬ್ಲ್ಯೂಎಫ್‌ಎಎನ್ ಎಂದು ಹೆಸರು ಬದಲಿಸಿಕೊಂಡು, ಇನ್ನು ಮುಂದೆ 24 ಗಂಟೆಯೂ ಬರೀ ಆಟದ ಮಾತು ಎಂದಿತು. ಮ್ಯಾಚ್ ಇರಲಿ ಬಿಡಲಿ, ಮಾತು ಮಾತ್ರ ನಿಲ್ಲುವುದಿಲ್ಲ. ಆಗಾಗ ಸ್ಕೋರು, ಉಳಿದಂತೆ ಫೋನ್ ಮಾಡಿದವರ ಜೊತೆ ವಾದ. ಶುರುವಿನಲ್ಲಿ ದುಡ್ಡು ಹುಟ್ಟಲಿಲ್ಲ. ದಿನವಿಡೀ ಆಟದ ಮಾತನ್ನೇ ಯಾರು ಕೇಳುತ್ತಾರೆ ಎಂದು ಅನುಮಾನಪಟ್ಟವರೇ ಜಾಸ್ತಿ.

ಆ ಅನುಮಾನದವರನ್ನು ಒಂದು ಭಾನುವಾರ ಬೆಂಗಳೂರಿನ ಗಾಂಧಿ ಬಜಾರಿಗೆ ಕರೆತಂದಿದ್ದರೆ ಸಾಕಿತ್ತು. ದರ್ಶಿನಿ ಮುಂದೆ ಬೈಟು ಕಾಫಿ ಹಿಡಿದು ನಿಂತವರ ಮಾತು ಕೇಳಿಸಬಹುದಿತ್ತು. ಕಾಫಿ ಎರಡು ಗುಟುಕಿಗೆ ಮುಗಿಯುತ್ತದೆ. ಟಾಸ್ ಗೆದ್ದು ಫೀಲ್ಡಿಂಗ್ ಯಾಕೆ ತಗೊಂಡ ಅನ್ನುವುದು ಮಾತ್ರ ಮಧ್ಯಾಹ್ನದ ಊಟಕ್ಕೆ ಮನೆಯಿಂದ ಫೋನ್ ಬರುವವರೆಗೂ ನಡೆಯುತ್ತದೆ.

ನ್ಯೂಯಾರ್ಕಿನವರು ಮಾತಿಗೆ ಇಳಿದದ್ದಕ್ಕೂ ಒಂದು ಕಾರಣ ಇತ್ತು. ಎಫ್‌ಎಂ ಬಂದ ಮೇಲೆ ಹಾಡು ಕೇಳುವವರೆಲ್ಲ ಅತ್ತ ಹೋದರು. ಹಳೇ ಸ್ಟೇಷನ್ನುಗಳಿದ್ದ ಮೀಡಿಯಂ ವೇವ್‌ನಲ್ಲಿ ಗರಗರ ಜಾಸ್ತಿ. ನಮ್ಮನೆಯಲ್ಲೂ ಅಷ್ಟೇ, ಪಕ್ಕದವರು ಮಿಕ್ಸಿ ಹಾಕಿದರೆ ಇತ್ತ ಸ್ಕೋರು ಚಟ್ನಿಯಾಗುತ್ತಿತ್ತು. ಹಾಡಿಗೆ ಆ ಗರಗರ ಆಗಿಬರುವುದಿಲ್ಲ. ಮಾತಿಗೆ ಪರವಾಗಿಲ್ಲ. ಮಾತಾಡುವವನ ಗಂಟಲೇ ಗರಗರ ಎಂದರೂ ನಡೆಯುತ್ತದೆ. ಹಾಗಾಗಿ ಹಾಡು ಕಳೆದುಕೊಂಡ ಸ್ಟೇಷನ್ನುಗಳಿಗೆ ಮಾತೇ ಗತಿಯಾಯಿತು.

ನಮ್ಮ ಬೆಂಗಳೂರಿಗೆ ರೇಡಿಯೋ ಹೊಸದೇನಲ್ಲ. ಆಕಾಶವಾಣಿ ಇಲ್ಲಿ ಶುರುವಾದದ್ದು 1955ರಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಕೂಡ 2001ರಲ್ಲಿ ಇಲ್ಲೇ ಬಾಯಿ ಬಿಟ್ಟಿತು. ಸ್ಥಳೀಯ ಆಟಗಳ ನೇರ ವೀಕ್ಷಕ ವಿವರಣೆಯನ್ನು ಖಾಸಗಿ ಎಫ್‌ಎಂನವರೂ ಕೊಡಬಹುದು ಎಂದು 2011ರ ನಿಯಮ ಹೇಳುತ್ತದೆ. ಆದರೂ ಕಾರಿನಲ್ಲಿ ಕೂತು ಒಂದು ಕಡೆಯಿಂದ ತಿರುಗಿಸುತ್ತಾ ಹೋಗಿ. ಹಾಡು, ಜಾಹೀರಾತು, ಯಾರಿಗೋ ಫೋನ್ ಮಾಡಿ ಬಕರಾ ಮಾಡುವುದು, ಮತ್ತೆ ಅದೇ ಹಾಡು. ಇಷ್ಟು ಮಾತುಗಾರರಿರುವ ಊರಿಗೆ ಇದು ಅನ್ಯಾಯ ಅಲ್ವಾ?

ನಮ್ಮ ದೊಡ್ಡಪ್ಪ ಟ್ರಾನ್ಸಿಸ್ಟರ್ ತೆಗೆದುಕೊಂಡೇ ಸ್ಟೇಡಿಯಮ್ಮಿಗೆ ಹೋಗುವ ಕಾಲದವರು. ಕಂದು ಚರ್ಮದ ಕವರು, ಸ್ಪೀಕರ್ ಇರುವಲ್ಲಿ ಸಾಲಾಗಿ ತೂತು, ಹೆಗಲಿಗೆ ಪಟ್ಟಿ. ಏರಿಯಲ್ ಎಳೆದರೆ ಮುಂದಿನ ಸಾಲಿನವರ ಕಿವಿಗೆ ತಾಗುತ್ತಿತ್ತು. ಅವರು ತಿರುಗಿ ಬೈಯುತ್ತಿರಲಿಲ್ಲ. "ಸ್ವಲ್ಪ ಜೋರಾಗಿ ಇಡಿ ಸಾರ್" ಎನ್ನುತ್ತಿದ್ದರು. ಎದುರಿಗೇ ಆಟ ಕಾಣಿಸುವಾಗ ರೇಡಿಯೋ ಯಾಕೆ ಎಂದು ಕೇಳಿದ್ದಕ್ಕೆ ದೊಡ್ಡಪ್ಪ, "ಔಟಾಗಿದ್ದು ಹೇಗೆ ಅಂತ ನಿಮ್ಮಪ್ಪ ಬಂದು ಹೇಳ್ತಾನಾ?" ಎಂದರು. ದೊಡ್ಡ ಪರದೆ, ರೀಪ್ಲೇ ಇಲ್ಲದ ಕಾಲ. ಕಣ್ಣೆದುರು ವಿಕೆಟ್ ಬಿದ್ದರೂ ರೇಡಿಯೋ ಹೇಳುವವರೆಗೆ ಅದು ಪಕ್ಕಾ ಆಗುತ್ತಿರಲಿಲ್ಲ.

ಟಿವಿಯವರು ಸುಮ್ನೆ ಇದ್ದರೂ ಚಿತ್ರ ಓಡುತ್ತದೆ. ರೇಡಿಯೋದವರು ಸುಮ್ಮನಾದರೆ ಸೆಲ್ ಮುಗಿಯಿತೇನೋ ಎಂದು ಜನ ಡಬ್ಬಿ ತಟ್ಟುತ್ತಾರೆ. ಟೆಸ್ಟ್ ಮ್ಯಾಚಿನ ಆರು ಗಂಟೆಯಲ್ಲಿ ನಿಜವಾಗಿ ಚೆಂಡು ಓಡಾಡುವುದು ಎಷ್ಟು ಹೊತ್ತು? ಬೌಲರ್ ವಾಪಸ್ ನಡೆಯುವುದು, ಬ್ಯಾಟ್ಸ್‌ಮನ್ ಗ್ಲೌಸ್ ಬಿಗಿ ಮಾಡಿಕೊಳ್ಳುವುದು, ಕಬ್ಬನ್ ಪಾರ್ಕ್ ಕಡೆಯಿಂದ ಬರುವ ಮೋಡ, ಮಿಡ್ ಆನ್‌ನಲ್ಲಿ ಕೂತ ಪಾರಿವಾಳ, ಎಲ್ಲವನ್ನೂ ಮಾತಿನಿಂದ ತುಂಬಿಸಬೇಕು. 1934ರಲ್ಲೇ ಕ್ರಿಕೆಟ್ ವಿವರಣೆಗೆ ಮೈಕ್ ಹಿಡಿದ ತಲ್ಯಾರ್‌ಖಾನ್ ಇಡೀ ದಿನ ಒಬ್ಬರೇ ಮಾತಾಡುತ್ತಿದ್ದರು. ಪಕ್ಕಕ್ಕೆ ಇನ್ನೊಬ್ಬರನ್ನು ಕೂರಿಸುತ್ತೇವೆ ಎಂದರೆ ಅವರಿಗೆ ಆಗುತ್ತಿರಲಿಲ್ಲ.

ಇದಕ್ಕಿಂತ ಮುಂದೆ ಹೋದವರು ಆಸ್ಟ್ರೇಲಿಯಾದವರು. 1938ರಲ್ಲಿ ಅವರ ತಂಡ ಇಂಗ್ಲೆಂಡಿನಲ್ಲಿ ಆಡುತ್ತಿದ್ದಾಗ ಆಟದ ವಿವರ ತಂತಿಯಲ್ಲಿ ಸಿಡ್ನಿಗೆ ಬರುತ್ತಿತ್ತು. ಸ್ಟುಡಿಯೋದಲ್ಲಿ ಕೂತವರು ಅದನ್ನು ನೋಡಿಕೊಂಡು, ಈಗ ತಾನೇ ಕಣ್ಣಾರೆ ಕಂಡಂತೆ ವರ್ಣಿಸುತ್ತಿದ್ದರು. ಬ್ಯಾಟಿಗೆ ಚೆಂಡು ತಾಗಿದ ಸದ್ದು ಬೇಕಲ್ಲ? ಪೆನ್ಸಿಲಿನಿಂದ ಮರದ ತುಂಡಿಗೆ ಟಕ್. ಚಪ್ಪಾಳೆಗೆ ರೆಕಾರ್ಡು. ಅಂದರೆ ಮಾತು ಚೆನ್ನಾಗಿದ್ದರೆ ಮ್ಯಾಚು ಇನ್ನೊಂದು ಖಂಡದಲ್ಲಿ ನಡೆದರೂ ಆದೀತು.

ಹಾಗಾಗಿ ನಾನು ನಮ್ಮೂರಿನ ಸ್ಟೇಷನ್ನಿಗೆ ಕಾರ್ಯಕ್ರಮದ ಪಟ್ಟಿ ಹಾಕಿಟ್ಟಿದ್ದೇನೆ. ಬೆಳಿಗ್ಗೆ 6ಕ್ಕೆ ಲಾಲ್‌ಬಾಗಿನ ವಾಕಿಂಗ್‌ನವರ ಜೊತೆ ಮಾತು. ಮಂಡಿನೋವೇ ಮುಖ್ಯ ವಿಷಯ. 8ರಿಂದ 11 ಫೋನ್ ಇನ್. ಹೀಗಿರುತ್ತದೆ:

"ಸಾರ್, ಕೋರಮಂಗಲದಿಂದ ಮಾತಾಡ್ತಿದ್ದೀನಿ. ಸ್ಲಿಪ್ಪಲ್ಲಿ ಯಾಕೆ ಸಾರ್ ಯಾರನ್ನೂ ನಿಲ್ಸಿಲ್ಲ?"

"ಕೋರಮಂಗಲದಲ್ಲಿ ಎಲ್ಲಿ?"

"ಸಿಗ್ನಲ್ಲಲ್ಲಿ."

"ಯಾವಾಗಿಂದ?"

"ಟಾಸ್ ಆದಾಗಿಂದ."

ಈ ಹೊತ್ತಿಗೆ ಆರ್‌ಸಿಬಿ ಒಂದೇ ಸಾಕಿತ್ತು. 2008ರಿಂದ 'ಕಪ್ ನಮ್ದಾಗುತ್ತಾ' ಅನ್ನುವ ಒಂದೇ ಪ್ರಶ್ನೆಯ ಮೇಲೆ ಸ್ಟೇಷನ್ ಬದುಕಬಹುದಿತ್ತು. ಹುಡುಗಿಯರು 2024ರಲ್ಲೇ ಗೆದ್ದು ತೋರಿಸಿದರು. ಗಂಡಸರಿಗೆ 2025ರ ಜೂನ್ 3 ಬರಬೇಕಾಯಿತು. ಮಾರನೇ ದಿನ ಸ್ಟೇಡಿಯಂ ಹೊರಗಿನ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಬರಬೇಡಿ, ಜಾಗವಿಲ್ಲ, ಮನೆಗೆ ಹೋಗಿ ಎಂದು ಹೇಳುವ ದನಿಯೊಂದು ಎಲ್ಲರ ಕಿವಿಗೂ ತಲುಪಿದ್ದರೆ ಎಂದು ಅನಿಸುವುದುಂಟು.

ಮಧ್ಯಾಹ್ನ ರಣಜಿ, ಕನ್ನಡದಲ್ಲಿ, ಎಸೆತ ಎಸೆತಕ್ಕೂ. ಎಂಟು ಸಲ ಕಪ್ ಗೆದ್ದ ತಂಡ ನಮ್ಮದು. ಆದರೂ ವಾರದ ದಿನ ಚಿನ್ನಸ್ವಾಮಿಯಲ್ಲಿ ರಣಜಿ ನೋಡಲು ಬರುವವರನ್ನು ಅಂಪೈರ್ ಕೂಡ ಎಣಿಸಬಹುದು. ಸಂಜೆ ಹಲಸೂರಿನ ಹತ್ತಿರದ ಗೌತಮಪುರಕ್ಕೆ ಹೋಗಬೇಕು. ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಫುಟ್‌ಬಾಲ್ ಬಗ್ಗೆ ಮಾತಾಡಲು ಅಲ್ಲಿನವರಿಗೆ ಮೈಕ್ ಕೊಟ್ಟರೆ ವಾಪಸ್ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಕೊಡವರ ಕೌಟುಂಬಿಕ ಹಾಕಿ. 1997ರಲ್ಲಿ ಶುರುವಾದ ಪಂದ್ಯಾವಳಿ ಅದು, ಮನೆತನಕ್ಕೊಂದು ತಂಡ. ಇಲ್ಲಿರುವ ಕೊಡವರು ಆಫೀಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಲೇಬೇಕು.

ಕಂಬಳಕ್ಕೆ ಮಾತ್ರ ಬೇರೆ ಥರದ ಗಂಟಲು ಬೇಕು. 2023ರ ನವೆಂಬರಿನಲ್ಲಿ ಅರಮನೆ ಮೈದಾನಕ್ಕೇ ಕೋಣಗಳು ಬಂದವು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಓಡಿಸಿದ್ದು 13.62 ಸೆಕೆಂಡಿನಲ್ಲಿ. ಕೋಣದ ಯಜಮಾನರ ಮನೆತನ, ಊರು, ಓಡಿಸುವವರ ಹೆಸರು ಹೇಳಿ ಮುಗಿಸುವುದರೊಳಗೆ ಕೋಣ ಅಲ್ಲಿ ಓಟ ಮುಗಿಯುವ ಮಂಜೊಟ್ಟಿಗೆ ಹತ್ತಿರುತ್ತದೆ.

ರಾತ್ರಿ 10ರ ಮೇಲೆ ಹಳೇ ಮ್ಯಾಚು. ಇದು ನನಗೆ ಬಹಳ ಇಷ್ಟದ ಭಾಗ. 1974ರ ರಣಜಿ ಸೆಮಿಫೈನಲ್ ಒಂದು ತಿಂಗಳು. ಸತತ 15 ವರ್ಷ ಕಪ್ ಎತ್ತಿದ್ದ ಬಾಂಬೆ ತಂಡವನ್ನು ಪ್ರಸನ್ನ, ಚಂದ್ರ, ವಿಶಿ ಇದ್ದ ನಮ್ಮವರು ಇಲ್ಲೇ ಕಟ್ಟಿಹಾಕಿದರು. ವಾಡೇಕರ್ ಜಾರಿ ರನೌಟ್ ಆದದ್ದು ಅದೃಷ್ಟವೋ ಬೂಟಿನ ತಪ್ಪೋ ಎಂಬುದಕ್ಕೇ ಒಂದು ವಾರ. 1996ರ ಅಕ್ಟೋಬರ್ 21ರ ಮ್ಯಾಚು ಇನ್ನೊಂದು ತಿಂಗಳು. ಆಸ್ಟ್ರೇಲಿಯಾ ವಿರುದ್ಧ 216 ಬೇಕು, 164ಕ್ಕೆ ಎಂಟನೆಯವರಾಗಿ ಸಚಿನ್ ಔಟ್. ಊರಿನ ಅರ್ಧ ಟಿವಿಗಳು ಅಲ್ಲಿಗೇ ಆಫ್. ಆಮೇಲೆ ಶ್ರೀನಾಥ್, ಕುಂಬ್ಳೆ ಸೇರಿ ಗೆಲ್ಲಿಸಿದ್ದನ್ನು ನಾನು ನೋಡಿದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಫೋನ್ ಮಾಡಲಿ, ಲೈವ್‌ನಲ್ಲೇ ವಿಚಾರಿಸೋಣ.

ದೊಡ್ಡಪ್ಪ ಅಂತೂ 1987ರ ಮಾರ್ಚಿನ ಪಾಕಿಸ್ತಾನ ಟೆಸ್ಟ್ ಬಿಟ್ಟು ಕದಲುವುದಿಲ್ಲ. ಗಾವಸ್ಕರ್ ಅವರ ಕೊನೆಯ ಟೆಸ್ಟ್ ಇನಿಂಗ್ಸ್, ತಿರುಗುವ ಪಿಚ್ಚಿನಲ್ಲಿ 96. 221 ಬೇಕಿದ್ದ ಕಡೆ 204ಕ್ಕೆ ಆಲೌಟ್, 16 ರನ್ನಿನ ಸೋಲು. ನ್ಯೂಯಾರ್ಕಿನವರು ಸ್ಟೇಷನ್ ತೆರೆಯಲು ಇನ್ನೂ ಮೂರು ತಿಂಗಳಿತ್ತು. ಇಲ್ಲಿ ಆಗಲೇ ಮಾತು ಶುರುವಾಗಿತ್ತು, ಇನ್ನೂ ಮುಗಿದಿಲ್ಲ.

ಮೊನ್ನೆ ದೊಡ್ಡಪ್ಪನಿಗೆ ನನ್ನ ಪಟ್ಟಿ ಓದಿ ಹೇಳಿದೆ. ರಾತ್ರಿಯ ಹೊತ್ತು ನೀವೇ ನಡೆಸಿಕೊಡಬೇಕು ಎಂದೆ. ಸಂಬಳದ ಮಾತೇ ಎತ್ತಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಜಾಹೀರಾತು ಎಷ್ಟು ಹೊತ್ತಿಗೊಮ್ಮೆ ಬರುತ್ತೆ ಎಂದು ಕೇಳಿದರು. ಹತ್ತು ನಿಮಿಷಕ್ಕೊಮ್ಮೆ ಇರಬಹುದು ಎಂದೆ.

"ಹತ್ತು ನಿಮಿಷಕ್ಕಾ? ಗಾವಸ್ಕರ್ ಇನ್ನೂ ಪ್ಯಾಡ್ ಕಟ್ಕೊಂಡಿರಲ್ವಲ್ಲೋ" ಎಂದರು.