ಮೆಕಾನ್ಸ್ ಹಿಡಿದ ಕಂಟ್ರಿ ಹಾದಿ

ಮೆಕಾನ್ಸ್ ಎಂಬ ಪಂಕ್ (ಒರಟು, ಬಂಡಾಯದ ರಾಕ್) ತಂಡ ಅಮೆರಿಕದ ಗ್ರಾಮೀಣ ಮೂಲದ ಕಂಟ್ರಿ ಸಂಗೀತಕ್ಕೆ ಕೈಹಾಕಿದ್ದನ್ನು, ನಾನು ಓದಿದ ಲೇಖನವೊಂದರ ಲೇಖಕರು ಹುಡುಗಾಟವೆಂದು ಬದಿಗೆ ಸರಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. 1977ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಲಾ ವಿದ್ಯಾರ್ಥಿಗಳು ಕಟ್ಟಿದ ಈ ತಂಡ, ವಾದ್ಯ ಸರಿಯಾಗಿ ನುಡಿಸಲು ಬಾರದಿದ್ದರೂ ವೇದಿಕೆ ಏರಬಹುದೆಂಬ ಧೋರಣೆಯಿಂದಲೇ ಹೊರಟದ್ದು ನಿಜ. ಆದರೆ 1985ರ ‘ಫಿಯರ್ ಅಂಡ್ ವಿಸ್ಕಿ’ ಆಲ್ಬಮ್ ಕೇಳುವಾಗ, ಬ್ರಿಟನ್ನಿನ ಗಣಿ ಕಾರ್ಮಿಕರ ಸುಮಾರು ಒಂದು ವರ್ಷದ ಮುಷ್ಕರವು ಅದೇ ಮಾರ್ಚ್‌ನಲ್ಲಿ ಸೋಲಿನಲ್ಲಿ ಮುಗಿದಿತ್ತು, ಆ ಕಾರ್ಮಿಕರ ಸಹಾಯಾರ್ಥ ಈ ತಂಡ ಹಾಡಿತ್ತು ಎಂಬುದನ್ನು ಮರೆಯುವಂತಿಲ್ಲ. ಸೋತವರ, ಕುಡಿದು ದುಃಖ ನುಂಗುವವರ ಪಾಡನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ಧಾಟಿ ಅವರಿಗೆ ಅಮೆರಿಕದ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್‌ರ ಪರಂಪರೆಯಲ್ಲಿ ಸಿದ್ಧವಾಗಿಯೇ ದೊರಕಿತು. ಮೂರೇ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ) ಹಾಡು ಮುಗಿಸುವ ಅಭ್ಯಾಸವಂತೂ ಪಂಕ್, ಕಂಟ್ರಿ ಎರಡೂ ಕಡೆ ಇದ್ದದ್ದೇ. ತಂಡದ ಸೂಸಿ ಹನಿಮನ್ ಅವರ ಪಿಟೀಲು ಅಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ಗಿಟಾರುಗಳ ಗದ್ದಲವನ್ನು ಸೀಳಿಕೊಂಡು, ತುಸು ಒರಟಾಗಿಯೇ, ಹಾಡನ್ನು ಎಳೆದೊಯ್ಯುತ್ತದೆ. ಕಂಟ್ರಿ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್ವಿಲ್ಲಿನ ನುಣುಪು ಎಲ್ಲಿಯೂ ಇಲ್ಲ (ಇದ್ದಿದ್ದರೆ ನಾನಂತೂ ಎರಡನೆಯ ಸಲ ಕೇಳುತ್ತಿರಲಿಲ್ಲ). ತಂಡದ ಜಾನ್ ಲ್ಯಾಂಗ್‌ಫರ್ಡ್ ಮುಂದೆ ಶಿಕಾಗೋದಲ್ಲಿ ನೆಲೆಸಿ, ವೇಕೋ ಬ್ರದರ್ಸ್ ತಂಡದೊಂದಿಗೆ ಇದೇ ಬೆರಕೆಯನ್ನು ದಶಕಗಳ ಕಾಲ ಮುಂದುವರಿಸಿದ ವಿಚಾರವೂ ಆ ಲೇಖನದಲ್ಲಿ ಬಿಟ್ಟುಹೋಗಿದೆ.