ಮಡಿ ಉಟ್ಟ ಕಂಪ್ಯೂಟರ್

ದೊಡ್ಡ ಕಚೇರಿ ಅಂದಮೇಲೆ ಮಡಿ ಉಟ್ಟ ಕಂಪ್ಯೂಟರ್ ಒಂದು ಇರಲೇಬೇಕು. ಇಂಟರ್‌ನೆಟ್ ಸೋಕಬಾರದೆಂದು ಲ್ಯಾನ್ ಕೇಬಲ್ ಕಿತ್ತು, ಪೋರ್ಟಿಗೆ ಸೆಲ್ಲೋಟೇಪ್ ಅಂಟಿಸಿರುತ್ತಾರೆ. ಪಕ್ಕದ ಯುಎಸ್‌ಬಿ ಪೋರ್ಟಿಗೆ ಮಾತ್ರ ಮೈಲಿಗೆಯ ಭಯವಿಲ್ಲ. ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಚಪ್ಪಲಿ ಸಮೇತ ಗರ್ಭಗುಡಿಗೇ ನುಗ್ಗುತ್ತದೆ.

ಇರಾನಿನ ನತಾಂಜ್ ಯುರೇನಿಯಂ ಕೇಂದ್ರದಲ್ಲೂ ಇದೇ ಮಡಿ ಇತ್ತು. ಅಲ್ಲಿಗೂ ನುಗ್ಗಿ 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ವೈರಸ್ ಹರಡಲು ಬಳಸುತ್ತಿದ್ದ ದಾರಿಗಳಲ್ಲಿ ಪೆನ್‌ಡ್ರೈವ್ ಒಂದು. ಪೆನ್‌ಡ್ರೈವ್ ಚುಚ್ಚಿದೊಡನೆ ಅದರಲ್ಲಿರುವುದನ್ನು ತಾನಾಗಿ ಓಡಿಸುವ ಆಟೋರನ್ ಬಂದ್ ಮಾಡಿದ್ದರೂ ಪ್ರಯೋಜನವಿರಲಿಲ್ಲ. ಫೋಲ್ಡರ್ ತೆರೆದು ಐಕಾನ್ ಕಣ್ಣಿಗೆ ಬಿದ್ದರೆ ಸಾಕು, ವೈರಸ್ ಒಳಗೆ. ಇರಲಿ, ನಮ್ಮಲ್ಲಿ ಸೆಲ್ಲೋಟೇಪ್ ಇದೆಯಲ್ಲ!

ಸಾಫ್ಟ್‌ವೇರ್ ಹಾಕುವ ವೈಭವವೇ ಬೇರೆ. ಪೂಜ್ಯ ವೆಂಡರ್ ಕೊಟ್ಟ ಸೆಟಪ್ ಫೈಲ್ 2 ಎಂಬಿ. ಉಳಿದದ್ದನ್ನು ಅದು ನೆಟ್‌ನಿಂದ ಇಳಿಸಿಕೊಳ್ಳಬೇಕು! ಪೂರ್ತಿ ಆಫ್‌ಲೈನ್ ಇನ್‌ಸ್ಟಾಲರ್ ಕೇಳಿ ತಂದರೆ, ತನಗೆ ಆಧಾರವಾದ ಡಾಟ್‌ನೆಟ್ 3.5 ಎಂಬ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಇಲ್ಲವೆಂದು ಅದರ ತಕರಾರು. ಯಂತ್ರದಲ್ಲಿರುವ ವಿಂಡೋಸ್ ಆವೃತ್ತಿಯದೇ ಐಎಸ್‌ಒ (ಇಡೀ ಇನ್‌ಸ್ಟಾಲ್ ಡಿಸ್ಕನ್ನು ಒಂದೇ ಫೈಲಾಗಿಸಿದ್ದು) ತಂದು, 'ಸೋರ್ಸಸ್' ಒಳಗಿನ 'ಎಸ್‌ಎಕ್ಸ್‌ಎಸ್' ಫೋಲ್ಡರನ್ನು ವಿಂಡೋಸ್‌ನ ಭಾಗಗಳನ್ನು ಸೇರಿಸುವ ಡಿಸ್ಮ್ ಕಮಾಂಡಿಗೆ ತೋರಿಸಿದರೆ ಕೆಲಸ ಮುಗಿಯಿತು. ಆವೃತ್ತಿ ಬೇರೆಯಾದರೆ ಮತ್ತೆ ಎರರ್. ಆದರೆ ಆ ಐಎಸ್‌ಒ 4 ಜಿಬಿ ದಾಟಿರುತ್ತದೆ. ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ 20 ಜಿಬಿ ಖಾಲಿಯಿದ್ದರೂ ಅಷ್ಟು ದೊಡ್ಡ ಒಂದೇ ಫೈಲ್ ಹಿಡಿಸದು. ಫಾರ್ಮ್ಯಾಟನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಸರಿಹೋಗುವ ಸಂಗತಿ. ಕಚೇರಿಯ ತೀರ್ಮಾನ: ಡ್ರೈವ್ ಕೆಟ್ಟಿದೆ, ಮೂರು ಕೊಟೇಶನ್ ಕರೆಯಿರಿ.

ಅಷ್ಟರಲ್ಲಿ ಮದರ್‌ಬೋರ್ಡಿನ ಗಡಿಯಾರ ನಡೆಸುವ ನಾಣ್ಯದಾಕಾರದ ಸಿಆರ್2032 ಸೆಲ್ ಸತ್ತು, ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ನೆಟ್ ಇಲ್ಲದ್ದರಿಂದ ತಾನಾಗಿ ಸರಿಯಾಗದು. ತನ್ನ ಅಸಲಿತನ ಸಾರುವ ಡಿಜಿಟಲ್ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲವೆಂದು ಸಾಫ್ಟ್‌ವೇರ್ ಮುಷ್ಕರ ಹೂಡುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಸೆಲ್ಲಿಗೆ ಇಂಡೆಂಟ್ ಹಾಕಲಾಗುತ್ತದೆ.

ಮಾಡಬೇಕಾದದ್ದು ಇಷ್ಟೇ: ಈ ಕೆಲಸಕ್ಕೆಂದೇ ಒಂದು ಪೆನ್‌ಡ್ರೈವ್ ಇಟ್ಟು, ಮಿಕ್ಕವನ್ನು ವಿಂಡೋಸ್‌ನ ಗ್ರೂಪ್ ಪಾಲಿಸಿ ಎಂಬ ನಿಯಮಾವಳಿಯಲ್ಲಿ ತಡೆಯುವುದು; ಆಂಟಿವೈರಸ್ ಡೆಫಿನಿಷನ್, ಪ್ಯಾಚ್‌ಗಳನ್ನು ಬೇರೆ ಯಂತ್ರದಲ್ಲಿ ಇಳಿಸಿ, ಸ್ಕ್ಯಾನ್ ಮಾಡಿ, ಕಂಪನಿ ಪ್ರಕಟಿಸಿದ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಜತೆ ತಾಳೆ ನೋಡಿ ಒಯ್ಯುವುದು. ಇದರಲ್ಲಿ ಟಿಪ್ಪಣಿಯಿಲ್ಲ, ಅನುಮೋದನೆಯಿಲ್ಲ. ಯಾರಿಗೆ ಬೇಕು?

ಮಾರ್ಚ್ 31ರ ಸಂಜೆ ಲೈಸೆನ್ಸ್ ಮುಗಿಯುತ್ತದೆ. ರಿಕ್ವೆಸ್ಟ್ ಫೈಲ್ ಕಳಿಸಿ ಉತ್ತರದ ಫೈಲ್ ತರಿಸುವ ಆಫ್‌ಲೈನ್ ವಿಧಾನ ಕೈಪಿಡಿಯಲ್ಲಿದೆ, ಕೈಪಿಡಿ ಬೀರುವಿನಲ್ಲಿದೆ. "ಎರಡೇ ನಿಮಿಷ ಸಾರ್" ಎಂದು ಯಾರೋ ಮೊಬೈಲ್ ಹಾಟ್‌ಸ್ಪಾಟ್ ಕೊಡುತ್ತಾರೆ. ಮೀಟರ್ಡ್ (ಡೇಟಾ ಮಿತವಾಗಿ ಬಳಸಬೇಕಾದದ್ದು) ಎಂದು ಗುರುತು ಹಾಕದ ನೆಟ್ ಕಂಡದ್ದೇ ತಡ, ವಿಂಡೋಸ್ ವರ್ಷಗಳ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಬಾಚಿಕೊಂಡು ರೀಸ್ಟಾರ್ಟ್ ಆಗುತ್ತದೆ. ಬಿಲ್ಲುಗಳು ಒಳಗೇ ಉಳಿಯುತ್ತವೆ. ಕಡತದಲ್ಲಿ ಷರಾ: 'ನೆಟ್‌ವರ್ಕ್ ಸಮಸ್ಯೆಯಿಂದ ವಿಳಂಬ.'